ಹಾಳಿ ಕೆಡಸ್ಲಿ ಬಿಡ್ರಿ

ನಮ್ಮ ಮಗಳು ಪೆನ್ಸಿಲ್‌ಲೆ ಮಾರಿ ತಗದ್ರ ಥೇಟ್ ಫೋಟೋ ಅಂತಿದ್ರಿ ನೀವೆಲ್ಲ. ಈಗ ಚಿತ್ರಕಲಾ ಕಾಲೇಜಿಗೆ ಹೋಗಿ ವಾಟರ್ ಕಲರ್ ಹಿಡದಾಳ. ಅಜ್ಜಿ ಮಾರಿ ಗುರುತ ಹತ್ತವಲ್ಲತು. "ಬರೂದು ಬಿಟ್ಟು ಬರಲಾರದ್ದು ಯಾಕ?" ಅಂದ್ರು ವೈನಿ. ನನಗೂ ಹಂಗ ಅನಿಸಿತ್ತು; ಆ ದಪ್ಪ ಹಾಳಿ ಏನ್ ಸೋವಿ ಅಲ್ರಿ.

ಬಾಜೂಕ ಕೂತು ನೋಡಿದೆ. ಪೆನ್ಸಿಲ್ ತಪ್ಪಿದ್ರ ರಬ್ಬರ್ ಅದ. ಇದರಾಗ ಹಾಳಿನ ಬಿಳಿ ಬಣ್ಣ. ಅಜ್ಜಿ ಬಿಳಿಕೂದಲಾ ಎಲ್ಲೆಲ್ಲಿ ಅವ ಅಂತ ಮೊದಲ ನೋಡಿ, ಜಾಗಾ ಬಿಟ್ಟು ಬಣ್ಣ ಹಚ್ಚಬೇಕು. ಅದಕ್ಕ ಅರ್ಧಾ ತಾಸು ಬರೇ ಅಜ್ಜಿ ಮಾರಿ ನೋಡತಾಳ. ಪೆನ್ಸಿಲ್ ಇದ್ದಾಗ ಮೊಬೈಲಿನ್ಯಾಗಿನ ಫೋಟೋ ನೋಡತಿದ್ಲು.

ಮೂರು ಹಾಳಿ ಕೆಟ್ಟಾವ. ನಾಕನೇದ್ದಕ್ಕ ಅಜ್ಜಿ ಇಳಕಲ್ ಸೀರಿ ಉಟಗೊಂಡು ಕೂತಾರ. ಯಾರೂ "ಪೆನ್ಸಿಲ್‌ಲೇನ ತಗಿ" ಅನಬ್ಯಾಡ್ರಿ.