ಕೊಟ್ಟ ಮಾತಿಗೆ ಬೆಲೆ ತೆರುವವರು ಯಾರು?

ವಾರಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂಬ ಚರ್ಚೆ ನಮ್ಮಲ್ಲಿ ಆಗಾಗ ಭುಗಿಲೆದ್ದು ತಣ್ಣಗಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಅವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ಇವೆರಡರ ನಡುವೆ, 2024ರ ಜುಲೈನಲ್ಲಿ, ಐ.ಟಿ. ನೌಕರರ ಹೆಚ್ಚುವರಿ ದುಡಿಮೆಯ ಮಿತಿಯನ್ನು ಮೂರು ತಿಂಗಳಿಗೆ 50 ಗಂಟೆಯಿಂದ 125 ಗಂಟೆಗೆ ಏರಿಸುವ ಪ್ರಸ್ತಾವವೊಂದು ಕರ್ನಾಟಕ ಸರ್ಕಾರದ ಮುಂದೆ ಬಂತು. ನೌಕರರ ಸಂಘ ಅದನ್ನು ತೀವ್ರವಾಗಿ ವಿರೋಧಿಸಿತು.

ಈ ಚರ್ಚೆಯನ್ನು ಒಂದು ಪಕ್ಷದವರು ರಾಷ್ಟ್ರನಿರ್ಮಾಣದ ಪ್ರಶ್ನೆಯಾಗಿ ಕಂಡರು, ಇನ್ನೊಂದು ಪಕ್ಷದವರು ಶೋಷಣೆಯ ಪ್ರಶ್ನೆಯಾಗಿ. ಎರಡೂ ಕಡೆಯವರು ಕೇಳದೆ ಬಿಟ್ಟ ಸರಳ ಪ್ರಶ್ನೆಯೊಂದಿದೆ. ಈ ಹೆಚ್ಚುವರಿ ಗಂಟೆಗಳು ಹುಟ್ಟುವುದಾದರೂ ಎಲ್ಲಿ? ಎರಡು ದಶಕಗಳಿಂದ ಎಂಜಿನಿಯರಿಂಗ್ ಸಲಹಾ ಸಂಸ್ಥೆಗಳಲ್ಲಿ ಯೋಜನೆಗಳ ಉಸ್ತುವಾರಿ ನೋಡಿಕೊಂಡು ಬಂದ ನನ್ನ ಅನುಭವ ಹೇಳುವುದಿಷ್ಟು: ಅವುಗಳಲ್ಲಿ ಬಹುಪಾಲು ಹುಟ್ಟುವುದು ನೌಕರನ ಮೇಜಿನಲ್ಲಲ್ಲ, ಒಪ್ಪಂದಕ್ಕೆ ಸಹಿ ಬೀಳುವ ಮೇಜಿನಲ್ಲಿ. ದುಡಿಮೆಯ ಅವಧಿಯ ಪ್ರಶ್ನೆ ಮೂಲತಃ ಯೋಜನಾ ನಿರ್ವಹಣೆಯ ಪ್ರಶ್ನೆ.

ಸಾಫ್ಟ್‌ವೇರ್, ಲೆಕ್ಕಪರಿಶೋಧನೆ, ಕಾನೂನು, ವಾಸ್ತುಶಿಲ್ಪ, ಎಂಜಿನಿಯರಿಂಗ್ ಸಲಹೆ ಮುಂತಾದ ವೃತ್ತಿಪರ ಸೇವೆಗಳನ್ನು ಒದಗಿಸುವ ಸಂಸ್ಥೆಗಳಿಗೆ ಮಾರಲು ಸರಕಿಲ್ಲ. ಅವು ಮಾರುವುದು ಬಲ್ಲವರ ಸಮಯವನ್ನು ಮತ್ತು ವಿವೇಚನೆಯನ್ನು. ಕಾರ್ಖಾನೆಯಲ್ಲಿ ಯಂತ್ರದ ಸಾಮರ್ಥ್ಯ ಇಷ್ಟೇ ಎಂಬುದು ಮಾಲೀಕನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. 50 ಕಿಲೋ ಚೀಲಕ್ಕೆ 80 ಕಿಲೋ ತುಂಬಹೊರಟರೆ ಚೀಲ ಹರಿಯುತ್ತದೆ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ 40 ಗಂಟೆಯ ವಾರಕ್ಕೆ 70 ಗಂಟೆಯ ಕೆಲಸ ತುಂಬಿದಾಗ ಹರಿಯುವುದು ಯಾರದೋ ಮನೆಯ ರಾತ್ರಿ. ಅದು ಯಾವ ಲೆಕ್ಕದ ಪುಸ್ತಕದಲ್ಲೂ ನಮೂದಾಗುವುದಿಲ್ಲ.

ಎಪ್ಪತ್ತು ಗಂಟೆಯ ಗಣಿತ

ಒಂದು ಉದಾಹರಣೆಯನ್ನು ಗಮನಿಸಿ. ಒಂದು ಕೆಲಸಕ್ಕೆ ಹತ್ತು ಜನರ ತಂಡ, ಎಂಟು ವಾರಗಳ ಗಡುವು ಎಂದಿಟ್ಟುಕೊಳ್ಳೋಣ. ವಾರಕ್ಕೆ ತಲಾ 40 ಗಂಟೆಯಂತೆ ತಂಡದ ಬಳಿ ಇರುವುದು 3,200 ಗಂಟೆ. ಕೆಲಸ ಬಲ್ಲ ಹಿರಿಯರು ಕೂತು ಲೆಕ್ಕ ಹಾಕಿದಾಗ 4,400 ಗಂಟೆ ಬೇಕೆಂದು ಕಂಡಿತು. ಆದರೆ ಪ್ರತಿಸ್ಪರ್ಧಿ ಕಡಿಮೆ ದರ ಕೂಗಿಯಾನು ಎಂಬ ಭಯದಿಂದ, ಕೆಲಸ ತರುವ ಹೊಣೆ ಹೊತ್ತ ಪಾಲುದಾರರು ಅದನ್ನು 3,200ಕ್ಕೆ ಇಳಿಸಿ ಒಪ್ಪಂದ ಮಾಡಿಕೊಂಡರು. ಆ ಗಳಿಗೆಯಲ್ಲೇ ತಂಡದ ವಾರ 55 ಗಂಟೆಯದಾಯಿತು. ಕೆಲಸ ಆರಂಭವಾದ ಮೇಲೆ ಗ್ರಾಹಕರು ಇದೊಂದು ಚಿಕ್ಕ ಬದಲಾವಣೆ, ಅದೊಂದು ಸಣ್ಣ ಸೇರ್ಪಡೆ ಎಂದು ಕೇಳುತ್ತಾ ಹೋದರು. ಸಂಬಂಧ ಕೆಡಬಾರದೆಂದು ಎಲ್ಲಕ್ಕೂ ತಲೆಯಾಡಿಸಲಾಯಿತು. ಅದರಿಂದ ಇನ್ನೂ 1,200 ಗಂಟೆ ಸೇರಿತು. ಈಗ ಒಟ್ಟು 5,600 ಗಂಟೆ. ತಲಾ ವಾರಕ್ಕೆ ಸರಿಯಾಗಿ 70. ಇದರಲ್ಲಿ ದೇಶಪ್ರೇಮವೂ ಇಲ್ಲ, ಸೋಮಾರಿತನವೂ ಇಲ್ಲ. ಇರುವುದು ಅಂದಾಜಿಗೆ ಬೆಲೆ ಕೊಡದ ಒಪ್ಪಂದ ಮತ್ತು ಎಲ್ಲೆ ಕಟ್ಟದ ಕೆಲಸ.

ನಿಜವಾದ ಹಾನಿ ಆಗುವುದು ಇದರ ನಂತರ. ಸಂಸ್ಥೆ ಒಪ್ಪಿಕೊಂಡಿದ್ದು 3,200 ಗಂಟೆಯಾದ್ದರಿಂದ ಟೈಮ್‌ಶೀಟಿನಲ್ಲಿ ಅದಕ್ಕಿಂತ ಹೆಚ್ಚು ಬರೆದರೆ ವ್ಯವಸ್ಥಾಪಕರ ಹುಬ್ಬು ಗಂಟಿಕ್ಕುತ್ತದೆ. ಹಾಗಾಗಿ ಕಿರಿಯರು 70 ಗಂಟೆ ದುಡಿದು 40 ಎಂದು ಬರೆಯುತ್ತಾರೆ. ಕಡತದಲ್ಲಿ ಯೋಜನೆ ಲಾಭದಲ್ಲಿ ಮುಗಿದಿರುತ್ತದೆ. ಮುಂದಿನ ವರ್ಷ ಅಂಥದೇ ಕೆಲಸ ಬಂದಾಗ ಹಳೆಯ ಕಡತ ತೆರೆದು, ‘ಕಳೆದ ಬಾರಿ 3,200 ಗಂಟೆಯಲ್ಲಿ ಆಗಿತ್ತಲ್ಲ’ ಎನ್ನಲಾಗುತ್ತದೆ. ಒಂದು ಸುಳ್ಳು ಲೆಕ್ಕ ಹೀಗೆ ಸಂಸ್ಥೆಯ ಅನುಭವಜ್ಞಾನವಾಗಿ ಬಡ್ತಿ ಪಡೆಯುತ್ತದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುತ್ತಾರೆ ಹಿರಿಯರು. ಹಾಸಿಗೆಯ ಅಳತೆಯೇ ಸುಳ್ಳಾದರೆ ಕಾಲು ಎಷ್ಟು ಚಾಚಬೇಕೆಂದು ತಿಳಿಯುವುದು ಹೇಗೆ?

ಪ್ರಮಾಣಪತ್ರಗಳಿಗೇನು ಕೊರತೆ?

ವಿಪರ್ಯಾಸವೆಂದರೆ, ಕಾರ್ಯವಿಧಾನದ ಶಿಸ್ತಿನ ವಿಷಯದಲ್ಲಿ ಬೆಂಗಳೂರು ಹಿಂದುಳಿದ ನಗರವೇನಲ್ಲ. ಅಮೆರಿಕದ ಕಾರ್ನಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ ಸಿಎಂಎಂ ಮಾನದಂಡದ ಅತ್ಯುನ್ನತ ಐದನೆಯ ಹಂತವನ್ನು ಜಗತ್ತಿನಲ್ಲಿ ಮೊದಲಿಗೆ ತಲುಪಿದ ಕೆಲವೇ ಘಟಕಗಳಲ್ಲಿ ಮೊಟೊರೋಲಾ ಕಂಪನಿಯ ಬೆಂಗಳೂರು ಘಟಕವೂ ಒಂದು. ಅದು 1990ರ ದಶಕದ ಮಾತು. ಆ ಬಳಿಕ ನಮ್ಮ ಅನೇಕ ಕಂಪನಿಗಳು ಅದೇ ಹಂತ ತಲುಪಿದವು. ಯೋಜನಾ ನಿರ್ವಹಣೆಯ ಪರೀಕ್ಷೆ ಪಾಸು ಮಾಡಿದವರು ಈಗ ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ. ಪ್ರಗತಿಯನ್ನು ಬಣ್ಣಬಣ್ಣದ ಪಟ್ಟಿಗಳಲ್ಲಿ ತೋರಿಸುವ ತಂತ್ರಾಂಶಗಳಿಗೂ ಬರವಿಲ್ಲ.

ವಿಧಾನಗಳಿವೆ, ಆದರೆ ಸಂಸ್ಕೃತಿ ಬೇರೆಯೇ ಸಂಗತಿ. ಯಾರೂ ನೋಡದಿದ್ದಾಗಲೂ ಸಂಸ್ಥೆಯಲ್ಲಿ ನಡೆಯುವುದೇ ಅದರ ಸಂಸ್ಕೃತಿ. ಅದನ್ನು ಅಳೆಯಲು ನನಗೆ ತಿಳಿದ ಅತ್ಯುತ್ತಮ ಮಾನದಂಡ ಒಂದೇ: ಕೆಟ್ಟ ಸುದ್ದಿ ಕೆಳಗಿನಿಂದ ಮೇಲಕ್ಕೆ ಹೋಗಲು ಎಷ್ಟು ದಿನ ಹಿಡಿಯುತ್ತದೆ?

ನಾನು ಹತ್ತಿರದಿಂದ ಕಂಡ ಸಂಸ್ಥೆಯೊಂದು ಪಟ್ಟಣವೊಂದರ ಕುಡಿಯುವ ನೀರಿನ ಯೋಜನೆಯ ವಿನ್ಯಾಸ ಮಾಡುತ್ತಿತ್ತು. ಸರ್ವೆ ತಂಡ ಕೊಟ್ಟ ಮಟ್ಟದ ಅಳತೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದು ತಂಡದ ಅತ್ಯಂತ ಕಿರಿಯ ಎಂಜಿನಿಯರ್‌ಗೆ ಎರಡನೆಯ ವಾರವೇ ಗೊತ್ತಾಗಿತ್ತು. ಆದರೂ ಹನ್ನೊಂದು ವಾರಗಳ ಕಾಲ ಪ್ರಗತಿ ವರದಿಯಲ್ಲಿ ಎಲ್ಲವೂ ಹಸಿರಾಗಿಯೇ ಇತ್ತು. ಹನ್ನೆರಡನೆಯ ವಾರ ಒಮ್ಮೆಲೇ ಎಲ್ಲವೂ ಕೆಂಪಾಯಿತು. ನಮ್ಮ ವೃತ್ತಿಯಲ್ಲಿ ಇಂಥವನ್ನು ಕಲ್ಲಂಗಡಿ ವರದಿ ಎಂದು ಕರೆಯುತ್ತಾರೆ; ಹೊರಗೆ ಹಸಿರು, ಕೊಯ್ದರೆ ಕೆಂಪು. ಆ ಎಂಜಿನಿಯರ್ ಏಕೆ ಬಾಯಿ ಬಿಡಲಿಲ್ಲ ಎಂದು ಆಮೇಲೆ ವಿಚಾರಣೆ ನಡೆಯಿತು. ಆತ ಮೊದಲ ಸಭೆಯಲ್ಲಿ ಬಾಯಿ ಬಿಟ್ಟಿದ್ದ. ‘ಸಮಸ್ಯೆ ತರಬೇಡ, ಪರಿಹಾರ ತಾ’ ಎಂಬ ಉತ್ತರ ಸಿಕ್ಕಿತ್ತು. ಪರಿಹಾರ ಅವನ ಕೈಯಲ್ಲಿರಲಿಲ್ಲ. ಹಾಗಾಗಿ ಸಮಸ್ಯೆಯನ್ನೂ ತರುವುದನ್ನು ನಿಲ್ಲಿಸಿದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸವಷ್ಟೇ ಉಳಿಯಿತು.

ಇಂಥ ಹೊತ್ತಿನಲ್ಲಿ ಆಡಳಿತಗಳು ಕೈಗೊಳ್ಳುವ ಪರಿಹಾರವೂ ಚಿರಪರಿಚಿತ: ಇನ್ನಷ್ಟು ಜನರನ್ನು ಹಾಕು. ಐಬಿಎಂನ ಬೃಹತ್ ಸಾಫ್ಟ್‌ವೇರ್ ಯೋಜನೆಯೊಂದನ್ನು ಮುನ್ನಡೆಸಿದ್ದ ಫ್ರೆಡ್ ಬ್ರೂಕ್ಸ್, ತಡವಾದ ಸಾಫ್ಟ್‌ವೇರ್ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು 1975ರಲ್ಲೇ ಬರೆದರು. ಹೊಸಬರಿಗೆ ಕೆಲಸ ಕಲಿಸುವವರು, ಕೆಲಸ ಮಾಡಬೇಕಿದ್ದ ಹಳಬರೇ ತಾನೆ? ಅರ್ಧ ಶತಮಾನ ಕಳೆದರೂ ಈ ಮಾತು ನಮ್ಮ ಆಡಳಿತ ಮಂಡಳಿಗಳ ಕಿವಿಗೆ ಪೂರ್ತಿ ಬಿದ್ದಂತಿಲ್ಲ.

ದಂಡ ತೆರುವುದು ಸಾರ್ವಜನಿಕರೂ ಹೌದು

ಇದು ಖಾಸಗಿ ಸಂಸ್ಥೆಗಳ ಒಳಮನೆಯ ವಿಚಾರ, ಸಾರ್ವಜನಿಕರಿಗೇನು ಎಂದು ಕೇಳುವವರಿದ್ದಾರೆ. ಆದಾಯ ತೆರಿಗೆಯ ಹೊಸ ಜಾಲತಾಣದ ಆರಂಭದ ದಿನಗಳನ್ನು ಅವರು ನೆನೆಯಬೇಕು. 2019ರ ಜನವರಿಯಲ್ಲಿ ಕೇಂದ್ರ ಸಂಪುಟ 4,241.97 ಕೋಟಿ ರೂಪಾಯಿ ವೆಚ್ಚಕ್ಕೆ ಒಪ್ಪಿಗೆ ನೀಡಿದ ಆ ಯೋಜನೆಯ ಹೊಣೆ ಇನ್ಫೊಸಿಸ್‌ನದಾಗಿತ್ತು. 2021ರ ಜೂನ್ 7ರಂದು ಜಾಲತಾಣ ಲೋಕಾರ್ಪಣೆಯಾಯಿತು. ದೋಷಗಳು ಗೋಚರಿಸಿದ್ದು ತೆರಿಗೆದಾರರ ಪರದೆಯ ಮೇಲೆ. ಆಗಸ್ಟ್ 23ರಂದು ಕಂಪನಿಯ ಮುಖ್ಯಸ್ಥರನ್ನು ಹಣಕಾಸು ಸಚಿವರು ಕರೆಸಿ ವಿವರಣೆ ಕೇಳಿದರು; ವಿವರ ಸಲ್ಲಿಸುವ ಗಡುವನ್ನು ಡಿಸೆಂಬರ್ ಅಂತ್ಯದವರೆಗೆ ವಿಸ್ತರಿಸಬೇಕಾಯಿತು. ಮುಂದೆ ಜಾಲತಾಣ ಸುಧಾರಿಸಿತು ಎಂಬುದೂ ನಿಜ. ಆದರೆ ದೇಶದ ಅತ್ಯಂತ ಅನುಭವಿ ಸಂಸ್ಥೆಯ ಕೈಯಲ್ಲೂ ಕೆಲಸ ಹೀಗಾಗುವುದಾದರೆ, ಅನುಭವವೊಂದೇ ರಕ್ಷಾಕವಚವಲ್ಲ ಎಂಬುದು ಸ್ಪಷ್ಟ.

ಇನ್ನೊಂದು ನಿದರ್ಶನ ಆಸ್ಟ್ರೇಲಿಯದ್ದು. ಅಲ್ಲಿನ ಉದ್ಯೋಗ ಇಲಾಖೆಗೆ ಡೆಲಾಯ್ಟ್ ಸಂಸ್ಥೆ ಸುಮಾರು 4.4 ಲಕ್ಷ ಆಸ್ಟ್ರೇಲಿಯನ್ ಡಾಲರ್ ಶುಲ್ಕಕ್ಕೆ ಸಿದ್ಧಪಡಿಸಿದ ವರದಿ 2025ರ ಜುಲೈನಲ್ಲಿ ಪ್ರಕಟವಾಯಿತು. ಅದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ಪ್ರಬಂಧಗಳ ಉಲ್ಲೇಖಗಳಿದ್ದವು. ನ್ಯಾಯಾಲಯದ ತೀರ್ಪಿನದೆಂದು ಹೇಳಿದ ಕಲ್ಪಿತ ವಾಕ್ಯವೂ ಇತ್ತು. ಪತ್ತೆ ಹಚ್ಚಿದ್ದು ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು. ವರದಿಯ ತಯಾರಿಯಲ್ಲಿ ಕೃತಕ ಬುದ್ಧಿಮತ್ತೆಯ ಸಾಧನ ಬಳಕೆಯಾಗಿದ್ದನ್ನು ಪರಿಷ್ಕೃತ ಆವೃತ್ತಿಯಲ್ಲಿ ತಿಳಿಸಲಾಯಿತು. ಸಂಸ್ಥೆ ಶುಲ್ಕದ ಕೊನೆಯ ಕಂತನ್ನು ಹಿಂದಿರುಗಿಸಲು ಒಪ್ಪಿತು. ಎಲ್ಲರೂ ಯಂತ್ರವನ್ನು ದೂರಿದರು. ನನ್ನ ದೃಷ್ಟಿಯಲ್ಲಿ ಯಂತ್ರ ಇಲ್ಲಿ ಎರಡನೆಯ ಆರೋಪಿ. ಸಹಿ ಹಾಕುವ ಮುನ್ನ ಬರೆದವರಲ್ಲದ ಇನ್ನೊಬ್ಬರು ಒಂದೊಂದು ಉಲ್ಲೇಖವನ್ನೂ ತೆಗೆದು ನೋಡಬೇಕು ಎಂಬ ಹಳೆಯ ನಿಯಮ ನಡೆದಿದ್ದರೆ ಈ ಮುಖಭಂಗ ತಪ್ಪುತ್ತಿತ್ತು. ಬರೆಯುವ ವೇಗ ಹೆಚ್ಚಿದಷ್ಟೂ ಪರಿಶೀಲನೆಗೆ ಇಟ್ಟ ಸಮಯ ಹೆಚ್ಚಬೇಕು. ಆದರೆ ಗಡುವು ಹತ್ತಿರವಾದಾಗ ಮೊದಲು ಕತ್ತರಿ ಬೀಳುವುದು ಪರಿಶೀಲನೆಯ ಸಮಯಕ್ಕೇ.

ಏನು ಮಾಡಬೇಕು?

ಮೊದಲನೆಯದಾಗಿ, ಅಂದಾಜು ಮಾಡಿದವರ ಒಪ್ಪಿಗೆಯಿಲ್ಲದೆ ಯಾವ ಒಪ್ಪಂದಕ್ಕೂ ಸಹಿ ಬೀಳಬಾರದು. ವ್ಯಾಪಾರದ ಕಾರಣಕ್ಕೆ ದರ ಇಳಿಸುವ ಹಕ್ಕು ಪಾಲುದಾರರಿಗೆ ಇರಲಿ. ಆದರೆ ದರ ಇಳಿಸಿದರೆ ಕೆಲಸದ ಗಂಟೆ ಇಳಿಯುವುದಿಲ್ಲ ಎಂಬುದನ್ನು ಕಡತದಲ್ಲಿ ಬರೆದಿಡಬೇಕು. 4,400 ಗಂಟೆಯ ಕೆಲಸವನ್ನು 3,200 ಗಂಟೆಯ ಬೆಲೆಗೆ ಮಾರಿದರೆ ಉಳಿದ 1,200 ಗಂಟೆ ಸಂಸ್ಥೆ ಮಾಡಿದ ಹೂಡಿಕೆ. ಅದರ ಖರ್ಚು ಸಂಸ್ಥೆಯದೇ ಆಗಬೇಕು, ಕಿರಿಯರ ನಿದ್ದೆಯದಲ್ಲ. ಕೆಲಸ ತಂದವರ ಬೋನಸ್ಸನ್ನು ಸಹಿಯ ದಿನಕ್ಕಲ್ಲದೆ, ಕೆಲಸ ಮುಗಿದ ದಿನಕ್ಕೆ ಗಂಟು ಹಾಕಿದರೆ ಈ ಶಿಸ್ತು ತಾನಾಗಿ ಬರುತ್ತದೆ.

ಎರಡನೆಯದಾಗಿ, ಗ್ರಾಹಕರು ಕೇಳಿದ ಪ್ರತಿ ಬದಲಾವಣೆಗೂ ಅದೇ ದಿನ ಒಂದು ಪುಟದ ಟಿಪ್ಪಣಿ ಹೋಗಬೇಕು. ಇದು ಇಷ್ಟು ಗಂಟೆಯ ಕೆಲಸ, ಇಷ್ಟು ದಿನ ತಡವಾಗುತ್ತದೆ, ಮಾಡೋಣವೇ ಎಂಬ ಟಿಪ್ಪಣಿ. ‘ಆಗುವುದಿಲ್ಲ’ ಎಂದು ಮುಖಕ್ಕೆ ಹೇಳಲು ನಾವು ಸಂಕೋಚ ಪಡುತ್ತೇವೆ. ಅದನ್ನು ಹೇಳುವ ಅಗತ್ಯವೂ ಇಲ್ಲ. ಆಗುತ್ತದೆ, ಆದರೆ ಇಷ್ಟಾಗುತ್ತದೆ ಎಂದರೆ ಸಾಕು. ಅಂಥ ಬೇಡಿಕೆಗಳಲ್ಲಿ ಎಷ್ಟೋ, ಬೆಲೆ ಕಂಡೊಡನೆ ಗ್ರಾಹಕರಿಗೇ ಬೇಡವಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೂರನೆಯದಾಗಿ, ಟೈಮ್‌ಶೀಟ್ ಶಿಕ್ಷೆಯ ದಾಖಲೆಯಾಗಬಾರದು. ನಿಜವಾದ ಗಂಟೆ ಬರೆದವರನ್ನು ಪ್ರಶ್ನಿಸದ, ಸುಳ್ಳು ಬರೆದದ್ದನ್ನು ಕಂಡೂ ಸುಮ್ಮನಿದ್ದ ವ್ಯವಸ್ಥಾಪಕರನ್ನು ಪ್ರಶ್ನಿಸುವ ಪದ್ಧತಿ ಬರಬೇಕು. ವಾರದ ಸಭೆಯಲ್ಲಿ ‘ಎಷ್ಟು ಮುಗಿಯಿತು’ ಎನ್ನುವ ಮೊದಲು ‘ಯಾವುದು ಕೈಕೊಡಬಹುದು’ ಎಂದು ಕೇಳಬೇಕು. ಆ ಪ್ರಶ್ನೆಗೆ ಮೊದಲು ಉತ್ತರಿಸುವ ಅವಕಾಶ ತಂಡದ ಅತಿ ಕಿರಿಯರಿಗೆ ಸಿಗಬೇಕು. ಕೆಟ್ಟ ಸುದ್ದಿ ತಂದ ಮೊದಲಿಗರಿಗೆ ಹಿರಿಯರು ಕೊಡುವ ಪ್ರತಿಕ್ರಿಯೆ ಯಾವ ಕೈಪಿಡಿಗಿಂತಲೂ ಬಲವಾದ ಪಾಠ. ಇಡೀ ಕಚೇರಿ ಅದನ್ನು ಗಮನಿಸುತ್ತಿರುತ್ತದೆ.

ನಾಲ್ಕನೆಯದು ಗೌರವದ ಪ್ರಶ್ನೆ. ನಮ್ಮ ಸಂಸ್ಥೆಗಳಲ್ಲಿ ವಿಷಯತಜ್ಞರಿಗೆ ಇರುವ ಮರ್ಯಾದೆ ಯೋಜನೆಯನ್ನು ನಡೆಸುವವರಿಗಿಲ್ಲ. ಅವರನ್ನು ದಿನಾಂಕ ಜ್ಞಾಪಿಸುವ ಗುಮಾಸ್ತರಂತೆ ಕಾಣಲಾಗುತ್ತದೆ. ಇಲ್ಲವೇ ಒಳ್ಳೆಯ ವಕೀಲರಿಗೋ ವಾಸ್ತುಶಿಲ್ಪಿಗೋ ಯಾವ ತರಬೇತಿಯೂ ಇಲ್ಲದೆ ಆ ಹೊಣೆಯನ್ನು ಹೆಗಲಿಗೇರಿಸಲಾಗುತ್ತದೆ. ಕೆಲಸ ನಿಲ್ಲಿಸಿ ಎನ್ನುವ ಅಧಿಕಾರವಿಲ್ಲದ ಯೋಜನಾ ವ್ಯವಸ್ಥಾಪಕರು, ಬ್ರೇಕ್ ಇಲ್ಲದ ಬಸ್ಸಿನ ಚಾಲಕರಿದ್ದಂತೆ.

ಗ್ರಾಹಕರ ಪಾಲೂ ಇದರಲ್ಲಿದೆ. ಅತಿ ಕಡಿಮೆ ದರ ಕೂಗಿದವರಿಗೇ ಕೆಲಸ ಎಂಬ ಟೆಂಡರ್ ಪದ್ಧತಿ ಸುಳ್ಳು ಅಂದಾಜಿಗೆ ಕೊಟ್ಟ ಬಹುಮಾನ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ, ಖರೀದಿ ಮತ್ತು ಯೋಜನಾ ನಿರ್ವಹಣೆ ಕುರಿತ ಸಾಮಾನ್ಯ ಸೂಚನೆಗಳು ಈ ನಿಟ್ಟಿನಲ್ಲಿ ಗಮನಾರ್ಹ. ಅದುವರೆಗೆ ಸಲಹಾ ಸೇವೆಗಳ ಆಯ್ಕೆಯಲ್ಲಿ ಬಳಕೆಯಲ್ಲಿದ್ದ, ದರದ ಜೊತೆಗೆ ಗುಣಮಟ್ಟಕ್ಕೂ ಅಂಕ ನೀಡುವ ಕ್ರಮವನ್ನು ನಿರ್ದಿಷ್ಟ ಕಾಮಗಾರಿಗಳಿಗೂ ಇತರ ಸೇವೆಗಳಿಗೂ ಅವು ವಿಸ್ತರಿಸಿದವು. ಗುಣಮಟ್ಟದ ತೂಕ ಶೇ 30ನ್ನು ಮೀರಬಾರದೆಂಬ ಮಿತಿಯೊಂದಿಗೆ. ಬಾಗಿಲು ತೆರೆದಿದೆ, ಅದರೊಳಗೆ ಕಾಲಿಡುವ ಧೈರ್ಯ ಇಲಾಖೆಗಳ ಅಧಿಕಾರಿಗಳಿಗೆ ಬರಬೇಕು.

ಇಷ್ಟೆಲ್ಲ ಮಾಡಿದರೂ ಕೆಲವು ರಾತ್ರಿಗಳು ಕಚೇರಿಯಲ್ಲೇ ಕಳೆದಾವು. ಅಪರೂಪಕ್ಕೆ ಬರುವ ಅಂಥ ತುರ್ತನ್ನು ಯಾವ ವೃತ್ತಿನಿಷ್ಠರೂ ದೂರುವುದಿಲ್ಲ. ನನ್ನ ತಕರಾರು ಇರುವುದು ತುರ್ತನ್ನೇ ಪದ್ಧತಿ ಮಾಡಿಕೊಂಡು ಅದಕ್ಕೆ ಪರಿಶ್ರಮ ಎಂಬ ದೊಡ್ಡ ಹೆಸರಿಡುವ ಚಾಳಿಯ ಬಗ್ಗೆ. ದುಡಿಮೆಯ ಮಿತಿಯನ್ನು ಏರಿಸಿ ಎಂದು ಉದ್ಯಮದ ಪ್ರತಿನಿಧಿಗಳು ಸರ್ಕಾರದ ಬಾಗಿಲು ತಟ್ಟಿದಾಗ ಮಂತ್ರಿಗಳು ಕೇಳಬೇಕಾದ ಮೊದಲ ಪ್ರಶ್ನೆ ಇದು: ನಿಮ್ಮ ಕಳೆದ ಹತ್ತು ಯೋಜನೆಗಳ ಅಂದಾಜೆಷ್ಟು, ನಿಜವಾಗಿ ತಗುಲಿದ ಗಂಟೆಗಳೆಷ್ಟು? ಆ ಎರಡು ಅಂಕಿಗಳನ್ನು ಪ್ರಾಮಾಣಿಕವಾಗಿ ಮೇಜಿನ ಮೇಲಿಡಬಲ್ಲ ಸಂಸ್ಥೆಗೆ ಕಾನೂನಿನ ತಿದ್ದುಪಡಿ ಬಹುಶಃ ಬೇಕಾಗುವುದಿಲ್ಲ.