ತಿಳಿಯಲೊಲ್ಲದ ಮನಸ್ಸು

ಕುರುಕ್ಷೇತ್ರದಲ್ಲಿ ಎರಡು ಸೇನೆಗಳೂ ಎದುರುಬದುರಾಗಿ ನಿಂತ ಸಮಯದಲ್ಲಿ ವ್ಯಾಸರು ಹಸ್ತಿನಾವತಿಗೆ ಬಂದು, ಯುದ್ಧವನ್ನು ನೋಡುವ ಇಚ್ಛೆಯಿದ್ದರೆ ಕಣ್ಣು ಕೊಡುತ್ತೇನೆಂದು ಧೃತರಾಷ್ಟ್ರನಿಗೆ ಹೇಳುತ್ತಾರೆ. ಹುಟ್ಟುಕುರುಡನಾದ ಅರಸನು ಆ ವರವನ್ನು ಒಲ್ಲೆನೆನ್ನುತ್ತಾನೆ. ಬಂಧುಗಳ ವಧೆಯನ್ನು ಕಣ್ಣಾರೆ ಕಾಣಲಾರೆ. ಆದರೆ ನಡೆದುದನ್ನೆಲ್ಲ ಒಂದೂ ಬಿಡದೆ ಕೇಳಬೇಕು ಎನ್ನುತ್ತಾನೆ. ಹೀಗಾಗಿ ದಿವ್ಯದೃಷ್ಟಿಯು ಸಂಜಯನ ಪಾಲಾಯಿತು. ಭಾರತದ ಯುದ್ಧವೆಲ್ಲ ಈ ಮುದುಕನ ಪ್ರಶ್ನೆಗಳಿಗೆ ಬಂದ ಉತ್ತರವೆಂದರೂ ಸಲ್ಲುತ್ತದೆ. ತಿಳಿಯಬೇಕೆಂಬ ಹಂಬಲವೂ ತಿಳಿಯಲಾರೆನೆಂಬ ಭಯವೂ ಒಂದೇ ಎದೆಯಲ್ಲಿ ಒಂದೇ ಗಳಿಗೆಯಲ್ಲಿ ಮನೆ ಮಾಡಿಕೊಂಡಿರಬಲ್ಲವು ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ನನಗೆ ತೋರದು.

ಮನುಷ್ಯನು ಸ್ವಭಾವತಃ ಜಿಜ್ಞಾಸುವೆಂದು ಪ್ರೌಢಶಾಲೆಯ ದಿನಗಳಿಂದಲೂ ನಾವು ಪ್ರಬಂಧಗಳಲ್ಲಿ ಬರೆದುಕೊಂಡು ಬಂದಿದ್ದೇವೆ; ಬರೆದು ಅಂಕಗಳನ್ನೂ ಪಡೆದಿದ್ದೇವೆ. ಜನರು ಅಜ್ಞಾನದಲ್ಲಿರುವುದಕ್ಕೆ ಪುಸ್ತಕವಿಲ್ಲದಿರುವುದೂ ಶಾಲೆಯಿಲ್ಲದಿರುವುದೂ ದಾರಿ ದೂರವಾಗಿರುವುದೂ ಕಾರಣವೆಂಬುದು ಆ ಪ್ರಬಂಧಗಳ ಎರಡನೆಯ ಪರಿಚ್ಛೇದ. ಹಾಗಾದರೆ ಇಂದು ನಮ್ಮ ಕಿಸೆಯಲ್ಲಿರುವ ಮೊಬೈಲು ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದೆಯಲ್ಲ, ಅಜ್ಞಾನವು ಏಕೆ ನೀಗಲಿಲ್ಲ? ಸೋಮಾರಿತನವೆಂದು ಕೆಲವರು ಉತ್ತರಿಸುತ್ತಾರೆ. ಈ ಉತ್ತರವನ್ನು ನಾನು ಒಪ್ಪಲಾರೆ. ಸಿನಿಮಾ ನಟನೊಬ್ಬನ ಮನೆಯ ಜಗಳವನ್ನು ತಿಳಿಯಲು ರಾತ್ರಿ ಎರಡು ಗಂಟೆಯವರೆಗೆ ನಿದ್ದೆಗೆಡಬಲ್ಲವನನ್ನು ಸೋಮಾರಿಯೆಂದು ಕರೆಯುವುದು ಹೇಗೆ?

ಅಮೆರಿಕದ ಕ್ಯಾಲ್ವಿನ್ ಮೂಯರ್ಸ್ ಎಂಬುವರು ಮಾಹಿತಿಯನ್ನು ಹುಡುಕಿ ತೆಗೆಯುವ ಶಾಸ್ತ್ರಕ್ಕೆ ಇಂದಿನ ಹೆಸರನ್ನು ಕೊಟ್ಟವರು. 1959ರಲ್ಲಿ ತಮ್ಮ ವೃತ್ತಿಬಾಂಧವರ ಸಭೆಯೊಂದರಲ್ಲಿ ಅವರು ಒಂದು ವಿಚಿತ್ರವಾದ ಮಾತನ್ನು ಆಡಿದರು. ಮಾಹಿತಿ ಇಲ್ಲದಿರುವುದಕ್ಕಿಂತ ಇರುವುದೇ ಹೆಚ್ಚಿನ ನೋವನ್ನೂ ತೊಂದರೆಯನ್ನೂ ತರುವಂತಿದ್ದರೆ, ಅದನ್ನು ಒದಗಿಸುವ ಏರ್ಪಾಡು ಎಷ್ಟೇ ಚೆನ್ನಾಗಿರಲಿ, ಜನ ಅದನ್ನು ಬಳಸದೆ ದೂರವಿರುತ್ತಾರೆ ಎಂಬುದು ಅದರ ತಾತ್ಪರ್ಯ. ಮುಂದಿನವರು ಈ ಮಾತನ್ನು ತಿರುಚಿ, ಹುಡುಕುವುದು ಕಷ್ಟವಾದರೆ ಜನ ಹುಡುಕುವುದಿಲ್ಲ ಎಂದಿಷ್ಟೇ ಅರ್ಥ ಮಾಡಿಕೊಂಡರು. ಯಂತ್ರಗಳನ್ನು ಸುಲಭಗೊಳಿಸಲು ಹೊರಟರು. ಮೂಯರ್ಸರು ಹೇಳಿದ್ದು ಅದಲ್ಲ. ಕಷ್ಟವಿರುವುದು ಹುಡುಕುವುದರಲ್ಲಲ್ಲ, ಸಿಕ್ಕಿದ ಮೇಲೆ. ಸಿಕ್ಕಿದ್ದನ್ನು ಓದಬೇಕು, ಅರ್ಥಮಾಡಿಕೊಳ್ಳಬೇಕು, ಏನಾದರೊಂದು ನಿರ್ಧಾರಕ್ಕೆ ಬರಬೇಕು. ಇದುವರೆಗೆ ಮಾಡಿದ ಕೆಲಸವೆಲ್ಲ ತಪ್ಪೆಂದೋ ವ್ಯರ್ಥವೆಂದೋ ಗೊತ್ತಾದರೆ ಅದನ್ನೂ ನುಂಗಿಕೊಳ್ಳಬೇಕು.

ನಮ್ಮ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಆ ಶಾಸ್ತ್ರದ ತರಬೇತಿ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ. ಪ್ರತಿ ಓದುಗನಿಗೂ ಒಂದು ಪುಸ್ತಕ, ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಎಂಬ ಆ ಮಹಾನುಭಾವರ ಶ್ರದ್ಧೆಯ ಮುಂದೆ ತಲೆಬಾಗದೆ ಇರಲಾಗದು. ಆದರೂ ಆ ಐದು ಸೂತ್ರಗಳಲ್ಲಿ ಬರುವ ಓದುಗನು ಪುಸ್ತಕ ಬೇಕೆಂದು ಬಂದು ನಿಂತವನು. ಗ್ರಂಥಾಲಯದ ಬಾಗಿಲವರೆಗೆ ಬಂದು ಹಿಂದಿರುಗಿದವನನ್ನು ಕುರಿತು ಆರನೆಯ ಸೂತ್ರವೊಂದು ಇರಬೇಕಿತ್ತೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ತಿಳಿಯಲೊಲ್ಲೆನೆಂಬುವರನ್ನೆಲ್ಲ ಹೀಗಳೆಯುವುದೂ ಸರಿಯಲ್ಲ. ಹಂಟಿಂಗ್ಟನ್ ಎಂಬ ನರರೋಗವೊಂದುಂಟು. ತಂದೆತಾಯಿಯರಲ್ಲಿ ಒಬ್ಬರಿಗೆ ಅದಿದ್ದರೆ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಕಾಣಿಸಿಕೊಂಡು ಕೈಕಾಲುಗಳ ಹತೋಟಿಯನ್ನೂ ಬುದ್ಧಿಯನ್ನೂ ಕ್ರಮೇಣ ಕಸಿಯುತ್ತದೆ. ಅದನ್ನು ಗುಣಪಡಿಸುವ ಔಷಧ ಈವರೆಗೆ ದೊರೆತಿಲ್ಲ. ತಾಯಿಗೆ ಈ ರೋಗವಿದ್ದ ನ್ಯಾನ್ಸಿ ವೆಕ್ಸ್ಲರ್ ಎಂಬ ವಿಜ್ಞಾನಿ ವೆನಿಜುವೆಲಾ ದೇಶದ ಮರಕೈಬೊ ಸರೋವರದ ದಡದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಅಲೆದು ರೋಗಪೀಡಿತ ಮನೆತನಗಳ ವಂಶಾವಳಿಯನ್ನೂ ರಕ್ತದ ಮಾದರಿಗಳನ್ನೂ ಸಂಗ್ರಹಿಸಿದರು. ಅದರ ಫಲವಾಗಿ 1983ರಲ್ಲಿ ರೋಗದ ನೆಲೆಯ ಸುಳಿವೂ 1993ರಲ್ಲಿ ಅದಕ್ಕೆ ಕಾರಣವಾದ ವಂಶವಾಹಿಯೂ ಪತ್ತೆಯಾದವು. ಪರೀಕ್ಷೆ ಬರುವ ಮೊದಲು ಅಂಥ ಮನೆತನದವರನ್ನು ಕೇಳಿದಾಗ ಬಹುಪಾಲು ಜನ ಮಾಡಿಸಿಕೊಳ್ಳುತ್ತೇವೆ ಎಂದಿದ್ದರು. ಪರೀಕ್ಷೆ ನಿಜವಾಗಿ ಕೈಗೆ ಬಂದ ಮೇಲೆ ಮಾಡಿಸಿಕೊಂಡವರು ಸ್ವಲ್ಪವೇ ಮಂದಿ. ಸ್ವತಃ ವೆಕ್ಸ್ಲರ್ ಅವರು ತಾವು ಮಾಡಿಸಿಕೊಂಡರೋ ಇಲ್ಲವೋ ಎಂಬುದನ್ನು ದೀರ್ಘಕಾಲ ಹೊರಗೆಡಹಲಿಲ್ಲ. ತಮಗೂ ಆ ರೋಗವಿದೆಯೆಂದು 2020ರಲ್ಲಿ ಲೋಕಕ್ಕೆ ತಿಳಿಸಿದರು. ಜೀವಮಾನವನ್ನೆಲ್ಲ ಒಂದು ಸತ್ಯದ ಶೋಧನೆಗೆ ತೆತ್ತವರ ವಿಷಯದಲ್ಲಿ ಅಂಜುಬುರುಕತನವೆಂಬ ಶಬ್ದವನ್ನು ಬಳಸುವ ಧೈರ್ಯ ಯಾರಿಗಿದೆ? ತಿಳಿದು ಮಾಡುವುದೇನೂ ಇಲ್ಲದಿರುವಾಗ, ಇಂದಿನ ದಿನವನ್ನಾದರೂ ನೆಮ್ಮದಿಯಾಗಿ ಕಳೆಯುತ್ತೇನೆಂಬುದು ಒಂದು ವಿವೇಕವೇ ಸರಿ.

ಆದರೆ ನಮ್ಮ ಸಕ್ಕರೆ ಕಾಯಿಲೆಯ ಸಂಗತಿ ಬೇರೆ. ದೇಶದಲ್ಲಿ 10 ಕೋಟಿಗೂ ಮಿಕ್ಕ ಜನರಿಗೆ ಈ ಕಾಯಿಲೆಯಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆಯ 2023ರ ಅಂದಾಜು. ಬೇಗ ತಿಳಿದರೆ ಕಣ್ಣು, ಮೂತ್ರಪಿಂಡ, ಕಾಲು ಎಲ್ಲವನ್ನೂ ಉಳಿಸಿಕೊಳ್ಳಬಹುದು. ಬೆರಳ ತುದಿಯ ಒಂದು ತೊಟ್ಟು ರಕ್ತ ಸಾಕು. ಹೀಗಿದ್ದರೂ ಹಳ್ಳಿಗಳಲ್ಲಿ ಹಿರಿಯರು ಹೇಳುವುದೇನು? "ನೋಡಿಸೋಕೆ ಹೋದರೆ ತಾನೆ ಇಲ್ಲದ ಕಾಯಿಲೆಯೆಲ್ಲ ಅಂಟಿಕೊಳ್ಳೋದು!" ಇದು ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ನ್ಯಾಯವೆಂದು ನಾವು, ವಿದ್ಯಾವಂತರು, ನಗುತ್ತೇವೆ. ಸ್ವಲ್ಪ ನಿಂತು ವಿಚಾರಿಸಬೇಕು. ಕಾಯಿಲೆಯಿದೆಯೆಂದು ಗೊತ್ತಾದ ದಿನದಿಂದ ಆ ಮನೆಯಲ್ಲಿ ಇಬ್ಬಗೆಯ ಅಡಿಗೆ ಆಗಬೇಕು. ಮುದ್ದೆ ಅನ್ನಗಳ ಲೆಕ್ಕವಾಗಬೇಕು. ತಿಂಗಳಿಗೊಮ್ಮೆ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಮಗಳ ಸಂಬಂಧ ನೋಡಲು ಬಂದವರಿಗೆ ಯಾರಾದರೂ ಹೇಳಿಬಿಟ್ಟರೆ ಎಂಬ ಅಳುಕು ಬೇರೆ. ಆ ತಾಯಿ ಓಡುತ್ತಿರುವುದು ಸತ್ಯದಿಂದಲ್ಲ, ಸತ್ಯದ ಬೆನ್ನಿಗೆ ಬರುವ ಖರ್ಚಿನಿಂದ. ಈ ಖರ್ಚನ್ನು ಹಂಚಿಕೊಳ್ಳಲು ಒಪ್ಪದೆ ಬರಿಯ ತಿಳುವಳಿಕೆಯ ಭಿತ್ತಿಪತ್ರ ಅಂಟಿಸಿ ಹೋಗುವವರಿಗೆ ಆಕೆಯನ್ನು ದೂರುವ ಅಧಿಕಾರ ಇಲ್ಲ.

ಬಾಂಗ್ಲಾದೇಶದಲ್ಲಿ ನಡೆದುದು ಈ ಮಾತನ್ನು ಪುಷ್ಟೀಕರಿಸುತ್ತದೆ. ಕೆರೆಕುಂಟೆಗಳ ನೀರಿನಿಂದ ಬೇನೆ ಹರಡುತ್ತದೆಯೆಂದು ಅಲ್ಲಿ ಲಕ್ಷಾಂತರ ಕೊಳವೆಬಾವಿಗಳನ್ನು ತೋಡಿದರು. ಆ ನೀರಿನಲ್ಲಿ ಪಾಷಾಣವಿದೆಯೆಂದು 1993ರಲ್ಲಿ ಗೊತ್ತಾಯಿತು. ಮುಂದೆ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, ವಿಷವಿದ್ದ ಪಂಪಿಗೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ಅಕ್ಷರ ಬಾರದವರಿಗೂ ಅರ್ಥವಾಗುವ ಭಾಷೆ! ಢಾಕಾಕ್ಕೆ ಹತ್ತಿರದ ಅರಾಯ್‌ಹಜಾರ್ ಸೀಮೆಯಲ್ಲಿ ಸಂಶೋಧಕರು ವಿಚಾರಿಸಿ ನೋಡಿದಾಗ, ತಮ್ಮ ಬಾವಿ ಕೆಟ್ಟದ್ದೆಂದು ತಿಳಿದವರಲ್ಲಿ ಐವರಿಗೆ ಮೂವರಂತೆ ಒಂದು ವರ್ಷದೊಳಗೆ ಬೇರೆ ಬಾವಿಗೆ ಹೋಗತೊಡಗಿದ್ದರು. ಉಳಿದವರು ಮೂರ್ಖರೇ? ಒಳ್ಳೆಯ ಬಾವಿ ದೂರವಾದಷ್ಟೂ ಹೋಗುವವರು ಕಡಮೆಯಾಗುತ್ತಾರೆ. ಕೊಡ ಹೊರುವವರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇದರ ಇನ್ನೊಂದು ಮುಖವನ್ನೂ ನೋಡೋಣ. ರಾಜಸ್ಥಾನದ ಬಡ ಕೂಲಿಗಾರರು ಯಾವ ಜಿಜ್ಞಾಸೆಯಿಂದ ಸರಕಾರಿ ದಫ್ತರಗಳನ್ನು ಕೇಳಿದರು? ಮಜದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರ ಡಿಸೆಂಬರಿನಲ್ಲಿ ಕೋಟ್ ಕಿರಾಣಾ ಎಂಬ ಹಳ್ಳಿಯಲ್ಲಿ ಜನರನ್ನು ಸೇರಿಸಿ, ಕಾಮಗಾರಿಯ ಹಾಜರಿಪಟ್ಟಿಯನ್ನೂ ಬಿಲ್ಲುಗಳನ್ನೂ ಗಟ್ಟಿಯಾಗಿ ಓದಿಸಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕುಳಿತರು. ಅವರಿಗೆ ಬೇಕಾಗಿದ್ದುದು ಜ್ಞಾನವಲ್ಲ, ಕೂಲಿ. ಕೂಲಿಯ ದಾರಿ ಕಾಗದದ ಮೇಲೆ ಹಾದು ಹೋಗುತ್ತಿದ್ದುದರಿಂದ ಕಾಗದ ಬೇಕಾಯಿತು. 2000ದಲ್ಲೇ ನಮ್ಮ ಕರ್ನಾಟಕವು ಮಾಹಿತಿ ಹಕ್ಕಿನ ಸ್ವಂತ ಕಾಯಿದೆಯನ್ನು ಮಾಡಿತ್ತು. 2005ರಲ್ಲಿ ಇಡೀ ದೇಶಕ್ಕೆ ಒಂದು ಕಾಯಿದೆ ಬಂತು. ಹತ್ತು ರೂಪಾಯಿ, ಮೂವತ್ತು ದಿನ. ಆಮೇಲೆ 2008ರಲ್ಲಿ ನಮ್ಮ ರಾಜ್ಯದ ನಿಯಮಗಳಿಗೆ, ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದಗಳನ್ನು ಮೀರಬಾರದು ಎಂಬ ಕಟ್ಟು ಸೇರಿತು. ಕೇಳುವವನ ತೊಂದರೆಯನ್ನು ಎಳ್ಳಷ್ಟೆಳ್ಳಷ್ಟೇ ಹೆಚ್ಚಿಸುವ ಕಲೆಯಲ್ಲಿ ಕಚೇರಿಗಳು ನಿಪುಣವಾದವು.

ಎಲ್ಲ ಮಾಹಿತಿಯೂ ಎಲ್ಲರಿಗೂ ಸಿಗಬೇಕೆಂದು ನಾನು ವಾದಿಸುತ್ತಿಲ್ಲ. ಗರ್ಭದ ಶಿಶು ಹೆಣ್ಣೋ ಗಂಡೋ ಎಂದು ಹೇಳಕೂಡದೆಂದು 1994ರಲ್ಲಿ ಕಾಯಿದೆಯಾಯಿತು. 1991ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 945 ಇದ್ದ ಹೆಣ್ಣುಮಕ್ಕಳು 2001ರಲ್ಲಿ 927ಕ್ಕೆ ಇಳಿದರೆಂಬುದನ್ನು ನೋಡಿದರೆ, ಈ ಒಂದು ಬಾಗಿಲು ಮುಚ್ಚಿರುವುದೇ ಮೇಲು. ನಮ್ಮ ತರಗತಿಗಳಲ್ಲಿ ಕುಳಿತಿರುವ ಸೋದರಿಯರಲ್ಲಿ ಯಾರು ಯಾರು ಆ ಮುಚ್ಚಿದ ಬಾಗಿಲಿನ ದೆಸೆಯಿಂದ ಇಲ್ಲಿದ್ದಾರೋ, ಯಾರು ಬಲ್ಲರು.

ಇನ್ನು ನಮ್ಮ ಮನೆಯ ಮಾತು. ಪರೀಕ್ಷೆ ಬರೆದವನು ತನ್ನ ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ನೋಡಲು, ಪ್ರತಿ ಪಡೆಯಲು ಹಕ್ಕುಳ್ಳವನೆಂದು ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟ್ 9ರಂದು ತೀರ್ಪು ಕೊಟ್ಟಿದೆ. ಪರೀಕ್ಷಕರ ಹೆಸರನ್ನು ಮರೆಮಾಡಬಹುದು, ಪತ್ರಿಕೆಯನ್ನು ಮರೆಮಾಡುವಂತಿಲ್ಲ. ಇಂಥ ಹಕ್ಕನ್ನು ನಮ್ಮಲ್ಲಿ ಎಷ್ಟು ಮಂದಿ ಚಲಾಯಿಸಿದ್ದೇವೆ? ಫಲಿತಾಂಶ ಬಂದ ವಾರ ಹಾಸ್ಟೆಲಿನಲ್ಲಿ ಪರೀಕ್ಷಕರ ನಿಂದೆಗೆ ಕೊರತೆಯಿರುವುದಿಲ್ಲ. ಪತ್ರಿಕೆ ತರಿಸಿ ನೋಡೋಣವೆಂದರೆ ಮಾತ್ರ ಮೌನ. ಅನ್ಯಾಯವಾಗಿದೆಯೆಂದು ನಂಬಿಕೊಂಡಿರುವುದರಲ್ಲಿ ಒಂದು ಸುಖವಿದೆ. ಪತ್ರಿಕೆ ಬಂದರೆ ಆ ಸುಖ ಉಳಿಯುತ್ತದೆಂಬ ಭರವಸೆಯಿಲ್ಲ. ತರಗತಿಯಲ್ಲಿ ಸಂದೇಹ ಕೇಳದಿರುವುದೂ ಇದೇ ಜಾತಿಯದು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ನಾವು ಪಾಠಕ್ಕಿಂತ ಚೆನ್ನಾಗಿ ಕಲಿತಿದ್ದೇವೆ. ಅದರಲ್ಲೂ ಮನೆಗೆ ಮೊದಲನೆಯವನಾಗಿ ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ ಆ ಬಣ್ಣವೇ ಒಂದು ಆಸ್ತಿ. ಅವನು ಕೇಳುವುದು ಪಕ್ಕದಲ್ಲಿ ಕುಳಿತವನನ್ನು, ಪಕ್ಕದವನೂ ಅವನಂತೆಯೇ.

ವಿದ್ಯಾರ್ಥಿವೇತನದ ವಿಷಯದಲ್ಲಂತೂ ಇದು ನಗೆಯ ಮಾತಲ್ಲ. ಅರ್ಜಿ ತಿರಸ್ಕೃತವಾದದ್ದು ಆಧಾರಿಗೂ ಬ್ಯಾಂಕಿನ ಖಾತೆಗೂ ಜೋಡಣೆಯಾಗಿಲ್ಲವೆಂದೋ, ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಮೆಯಾಗಿದೆಯೆಂದೋ ಇರಬಹುದು. ಒಂದು ದಿನದ ಓಡಾಟದಿಂದ ಸರಿಹೋಗಬಹುದು. ಆದರೆ ಅದನ್ನು ತಿಳಿಯಲು ಕಚೇರಿಯ ಕಿಟಕಿಯ ಮುಂದೆ ನಿಂತು, "ನಾಳೆ ಬಾ" ಎನ್ನಿಸಿಕೊಂಡು, ನಾಲ್ಕು ಜನರೆದುರಿಗೆ ತಂದೆಯ ವರಮಾನವನ್ನೂ ಜಾತಿಯನ್ನೂ ಹೇಳಬೇಕು. ಇಷ್ಟನ್ನು ಮಾಡಲೊಲ್ಲದೆ ಹಣವನ್ನೇ ಬಿಟ್ಟವರಿದ್ದಾರೆ. ಓದನ್ನೇ ಬಿಟ್ಟವರೂ ಇದ್ದಾರೆ. ಅವರನ್ನು ಕಂಡು "ಮಾಹಿತಿಯ ಕೊರತೆ" ಎಂದು ವರದಿ ಬರೆಯುವುದು ಸುಲಭ.

ಅಧ್ಯಾಪಕ ಮಹನೀಯರು ಮನ್ನಿಸುವುದಾದರೆ ಒಂದು ಮಾತು. ವರ್ಷದ ಕೊನೆಯಲ್ಲಿ ಪಾಠದ ಬಗೆಗೆ ನಮ್ಮ ಅಭಿಪ್ರಾಯವನ್ನು ನಮೂನೆಯ ಹಾಳೆಯಲ್ಲಿ ಬರೆಸಿಕೊಳ್ಳುವ ಪದ್ಧತಿ ಈಗ ಅನೇಕ ಕಾಲೇಜುಗಳಲ್ಲಿದೆ. ಪರಿಶೀಲನಾ ಸಮಿತಿಯವರು ಬಂದಾಗ ತೋರಿಸಲು ಆ ಹಾಳೆಗಳು ಜೋಪಾನವಾಗಿ ಬೀರುವಿನಲ್ಲಿರುತ್ತವೆ. ಅವನ್ನು ಬಿಚ್ಚಿ ಓದುವವರು ಎಷ್ಟು ಜನರೋ! ನಮ್ಮ ಉತ್ತರಪತ್ರಿಕೆಯನ್ನು ನಾವು ನೋಡಲೊಲ್ಲೆವು, ತಮ್ಮದನ್ನು ತಾವು ನೋಡಲೊಲ್ಲಿರಿ ಎಂದರೆ ಗುರುಶಿಷ್ಯರಲ್ಲಿ ಹೊಂದಾಣಿಕೆಯಿದೆಯೆಂದೇ ಹೇಳಬೇಕು.

ಕೇಳುವುದರ ನೋವನ್ನು ಇಳಿಸದೆ ಮಾಹಿತಿಯನ್ನು ಎಷ್ಟು ರಾಶಿ ಹಾಕಿದರೂ ಪ್ರಯೋಜನವಿಲ್ಲವೆಂಬುದು ನನ್ನ ಅಭಿಪ್ರಾಯ. ಆದಕಾರಣ ಪ್ರಾಚಾರ್ಯರಲ್ಲಿ ಎರಡು ಸಣ್ಣ ವಿನಂತಿಗಳು. ವಿದ್ಯಾರ್ಥಿವೇತನದ ಅರ್ಜಿ ನಿಂತುಹೋದವರನ್ನು ಅವರು ಬಂದು ಕೇಳುವವರೆಗೆ ಕಾಯದೆ, ಕಚೇರಿಯವರೇ ಒಬ್ಬೊಬ್ಬರನ್ನಾಗಿ, ಬಾಗಿಲು ಮುಚ್ಚಿದ ಕೋಣೆಗೆ ಕರೆದು ಕಾರಣವನ್ನು ಹೇಳಲಿ. ಕೊನೆಯ ದಿನಾಂಕಕ್ಕೆ ಹತ್ತು ದಿನ ಮೊದಲು ಹೇಳಲಿ. ಎರಡನೆಯದು, ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಅಂಕ ಕಳುಹಿಸುವ ಮೊದಲೇ ತರಗತಿಯಲ್ಲಿ ಎಲ್ಲರ ಕೈಗೂ, ಕೇಳಿದವರಿಗೂ ಕೇಳದವರಿಗೂ, ಕೊಡುವ ಏರ್ಪಾಡಾಗಲಿ. ಎಲ್ಲರ ಕೈಯಲ್ಲೂ ಇದ್ದಾಗ ತೆರೆದು ನೋಡಿದವನನ್ನು ಯಾರೂ ಬೊಟ್ಟುಮಾಡಿ ತೋರಿಸುವಂತಿಲ್ಲ. ಮಡಿಸಿದ ಹಾಗೆಯೇ ಚೀಲದಲ್ಲಿಟ್ಟುಕೊಂಡು ಮನೆಗೆ ಹೋಗುವವರಿದ್ದರೆ ಹೋಗಲಿ. ಪತ್ರಿಕೆಯಂತೂ ಅವರ ಚೀಲದಲ್ಲಿರುತ್ತದೆ.