ಒಂಬತ್ತೂವರೆಯ ಬೆದರಿಕೆ

ಕಳೆದ ತಿಂಗಳ ಬಿಲ್ಲು ಪಾವತಿಯಾಗಿಲ್ಲ, ಇಂದು ರಾತ್ರಿ ಒಂಬತ್ತೂವರೆಗೆ ನಿಮ್ಮ ಮನೆಯ ವಿದ್ಯುತ್ ಸಂಪರ್ಕ ಕಡಿತಗೊಳ್ಳಲಿದೆ, ಕೂಡಲೇ ಈ ಅಧಿಕಾರಿಗೆ ಕರೆ ಮಾಡಿ. ಇಂತಹ ಸಂದೇಶಗಳು 2022ರಲ್ಲಿ ದೇಶದ ಅನೇಕ ನಗರಗಳಲ್ಲಿ ಹರಿದಾಡಿದವು. ನಮ್ಮ ಬೆಂಗಳೂರಿನಲ್ಲಿ ಬೆಸ್ಕಾಂ ಸಂಸ್ಥೆಯೇ ಗ್ರಾಹಕರನ್ನು ಎಚ್ಚರಿಸಬೇಕಾಯಿತು. ಇಂದು ಹೆಸರುಗಳು ಬದಲಾಗಿವೆ. ಬ್ಯಾಂಕು, ಕೊರಿಯರ್, ಪೊಲೀಸ್ ಎಂದು ವೇಷಗಳು ಹಲವಾಗಿವೆ. ತಂತ್ರ ಮಾತ್ರ ಹಳೆಯದೇ.

ಕರೆ ಮಾಡಿದವರೊಡನೆ ಆ 'ಅಧಿಕಾರಿ' ಬಹು ಸೌಜನ್ಯದಿಂದಲೇ ಮಾತನಾಡುತ್ತಾನೆ. ಹತ್ತು ರೂಪಾಯಿ ಕಟ್ಟಿದರೆ ಸಾಕೆನ್ನುತ್ತಾನೆ, ಅದಕ್ಕಾಗಿ ಒಂದು ಆ್ಯಪ್ ಹಾಕಿಕೊಳ್ಳಲು ಹೇಳುತ್ತಾನೆ. ಆ ಆ್ಯಪ್ ನಮ್ಮ ಮೊಬೈಲಿನ ಪರದೆಯನ್ನು ಅವನ ಕಣ್ಣೆದುರು ತೆರೆದಿಡುತ್ತದೆ. ಆಮೇಲೆ ನಾವು ಒತ್ತುವ ಅಂಕಿಗಳೂ ಬ್ಯಾಂಕಿನಿಂದ ಬರುವ ಓಟಿಪಿಯೂ ನಮ್ಮ ಗುಟ್ಟಾಗಿ ಉಳಿಯುವುದಿಲ್ಲ.

ಸಂಶಯಪಡುವುದು ಸಜ್ಜನಿಕೆಗೆ ತಕ್ಕುದಲ್ಲವೆಂದು ಭಾವಿಸುವ ಹಿರಿಯರು ನಮ್ಮ ಕುಟುಂಬಗಳಲ್ಲಿದ್ದಾರೆ. ಸಂತ ಥಾಮಸ್ ಅಕ್ವಿನಾಸರು ವಿವೇಕದ ಎಂಟು ಅಂಗಗಳನ್ನು ಎಣಿಸುವಾಗ ಎಚ್ಚರಿಕೆಯನ್ನೂ ಅವುಗಳಲ್ಲಿ ಸೇರಿಸಿದರು. ಕೆಡುಕು ಒಳಿತಿನ ವೇಷ ಧರಿಸಿ ಬರುವುದೇ ಅದಕ್ಕೆ ಅವರಿತ್ತ ಕಾರಣ. ಮನುಷ್ಯನನ್ನು ಗೌರವಿಸುವುದು ಬೇರೆ, ಅವನ ಮಾತನ್ನು ಪರೀಕ್ಷಿಸದೆ ಒಪ್ಪುವುದು ಬೇರೆ.

ಪರೀಕ್ಷೆಯೇನೂ ಕಷ್ಟವಲ್ಲ. ಯೋಚಿಸಲು ಬಿಡುವು ಕೊಡದ ಅವಸರ, ಸಾಮಾನ್ಯ ಹತ್ತಂಕಿಯ ಮೊಬೈಲ್ ಸಂಖ್ಯೆ, ಮನೆಯವರಿಗೆ ತಿಳಿಸಬೇಡಿ ಎಂಬ ತಾಕೀತು, ಇವುಗಳಲ್ಲಿ ಒಂದು ಕಂಡರೂ ನಿಲ್ಲಬೇಕು. ಸಂದೇಶದಲ್ಲಿರುವ ಸಂಖ್ಯೆಗಾಗಲಿ ಕೊಂಡಿಗಾಗಲಿ ಕೈಹಾಕದೆ, ವಿದ್ಯುತ್ ವಿಚಾರವಾದರೆ 1912ಕ್ಕೆ, ಬ್ಯಾಂಕಿನ ವಿಚಾರವಾದರೆ ಪಾಸ್‌ಪುಸ್ತಕದಲ್ಲಿರುವ ಶಾಖೆಗೆ ನಾವಾಗಿಯೇ ಕೇಳಬೇಕು. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ ಎಂಬುದೂ ನೆನಪಿರಲಿ. ಅದು ಹಣ ಕೊಡುವುದಕ್ಕೆ ಮಾತ್ರ.

ಆದರೆ ನಮ್ಮನ್ನು ಹೆಚ್ಚು ಕಾಡುವುದು ಮೋಸಹೋದ ಮೇಲಿನ ಮೌನ. ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಎಷ್ಟೋ ಮನೆಗಳಲ್ಲಿ ಇಂದು ವೃದ್ಧ ದಂಪತಿಗಳಷ್ಟೇ ಇದ್ದಾರೆ, ಮಕ್ಕಳು ಹೊರದೇಶಗಳಲ್ಲಿದ್ದಾರೆ. ಮಗ ಬೈದಾನು, ಸೊಸೆ ನಕ್ಕಾಳು, ಇನ್ನು ಮುಂದೆ ಬ್ಯಾಂಕಿನ ವ್ಯವಹಾರವನ್ನೇ ಕೈಯಿಂದ ಕಿತ್ತುಕೊಂಡಾರು ಎಂಬ ಅಳುಕಿನಿಂದ ಹಿರಿಯರು ನೋವನ್ನು ನುಂಗಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಹಣ ಖಾತೆಯಿಂದ ಖಾತೆಗೆ ಹಾರಿ ಕೈತಪ್ಪಿಹೋಗುತ್ತದೆ. 1930ಕ್ಕೆ ಕೂಡಲೇ ಕರೆ ಮಾಡಿದರೆ, ಹಣ ಹೊರಹೋಗುವ ಮೊದಲೇ ಅದನ್ನು ಬ್ಯಾಂಕುಗಳಲ್ಲಿ ತಡೆಹಿಡಿಯುವ ಅವಕಾಶ ಇರುತ್ತದೆ. ಗ್ರಾಹಕ ತಾನೇ ಗುಪ್ತ ಸಂಖ್ಯೆ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರದ ನಷ್ಟ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿತು. ತಡವಾಗಿ ನುಡಿದ ಸತ್ಯಕ್ಕೆ ಇಲ್ಲಿ ಬೆಲೆ ತೆರಬೇಕಾಗುತ್ತದೆ.

ಮಕ್ಕಳಿಗೆ ನಮ್ಮದೊಂದು ವಿನಂತಿ. ಮುಂದಿನ ಭಾನುವಾರ ಅಪ್ಪ ಅಮ್ಮನಿಗೆ ಫೋನು ಮಾಡಿದಾಗ, ಊಟವಾಯಿತೇ ಎಂದು ಕೇಳಿದ ಬಳಿಕ ಇನ್ನೊಂದು ಮಾತನ್ನೂ ಸೇರಿಸಿ: ಎಂದಾದರೂ ಮೋಸಹೋದರೆ ಮೊದಲು ನನಗೆ ಹೇಳಿ, ನಾನು ಬೈಯುವುದಿಲ್ಲ. ತಪ್ಪೊಪ್ಪಿಕೊಂಡು ಬಂದವರನ್ನು ಅವಮಾನಿಸದೆ ಬರಮಾಡಿಕೊಳ್ಳುವುದನ್ನು ನಾವು ದೇವಾಲಯದಲ್ಲಿ ಕಲಿತಿದ್ದೇವೆ. ಆ ಪಾಠ ನಮ್ಮ ಮನೆಗಳಲ್ಲಿಯೂ ನಡೆಯಲಿ. ಹೆದರಿ ಸುಮ್ಮನಿರುವವರು ಇಲ್ಲದ ಮನೆಯಲ್ಲಿ ವಂಚಕನ ಆಟ ಹೆಚ್ಚು ದಿನ ಸಾಗದು.